ಬಿ.ಎಸ್ಸಿ. ಜೀವಶಾಸ್ತ್ರ ಮುಗಿಸಿದವರಿಗೆ ನಿಜವಾಗಿ ಏನು ಬರಬೇಕು? ನಿಮ್ಮ ಅಭಿಪ್ರಾಯ ಬೇಕು

ಚಿಂತಾಮಣಿ ಮೇಡಂ

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಮೂರು ವರ್ಷ ಓದಿ ಹೊರಗೆ ಹೋಗುವ ವಿದ್ಯಾರ್ಥಿಗೆ ಏನು ತಿಳಿದಿರಬೇಕು, ಏನು ಮಾಡಲು ಬರಬೇಕು ಅಂತ ನಮ್ಮ ವಿಭಾಗ ಬರೆದುಕೊಡಬೇಕಿದೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲಿನಲ್ಲಿ ಪಿ.ಒ. (ಇಡೀ ಪದವಿಯ ಕಲಿಕೆಯ ಗುರಿ), ಸಿ.ಒ. (ಒಂದೊಂದು ಪತ್ರಿಕೆಯ ಗುರಿ) ಅಂತ ಇರುತ್ತದಲ್ಲ, ಅದೇ.

ಎಲ್ಲಾ ಕಡೆ ನಡೆಯುವುದು ನಿಮಗೂ ಗೊತ್ತು. ಇನ್ನೊಂದು ಕಾಲೇಜಿನ ಫೈಲ್ ತಂದು ಹೆಸರು ಬದಲಿಸಿ ಇಡುತ್ತಾರೆ. "ವಿದ್ಯಾರ್ಥಿಯು ಜೀವವೈವಿಧ್ಯದ ಮಹತ್ವ ಅರಿಯುವನು", "ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವನು". ಇದನ್ನು ಎಷ್ಟು ಸಲ ಓದಿದರೂ ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ನಾನು ಏನು ಮಾಡಬೇಕು ಅನ್ನೋದು ಗೊತ್ತಾಗುವುದಿಲ್ಲ. ಅರಿತರೋ ಇಲ್ಲವೋ ಅಂತ ನೋಡುವುದು ಹೇಗೆ ಅನ್ನೋದೂ ಗೊತ್ತಾಗುವುದಿಲ್ಲ.

ಕೊನೆ ವರ್ಷದವರನ್ನು ಕಾಲೇಜಿನ ಹುಣಸೆ ಮರದ ಕೆಳಗೆ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದೆ. ಇಷ್ಟು ದೊಡ್ಡ ಮರದ ತೂಕ ಎಲ್ಲಿಂದ ಬಂತು? ಮುಕ್ಕಾಲು ಪಾಲು ಮಕ್ಕಳು "ಮಣ್ಣಿಂದ ಮೇಡಂ" ಅಂದರು. ಅದೇ ಮಕ್ಕಳು ಪರೀಕ್ಷೆಯಲ್ಲಿ, ಗಿಡ ಕಾರ್ಬನ್ ಡೈಆಕ್ಸೈಡ್‌ನಿಂದ ಸಕ್ಕರೆ ಮಾಡುವ ಕ್ಯಾಲ್ವಿನ್ ಸೈಕಲ್ ಅನ್ನು ಬಾಣದ ಗುರುತು ಸಮೇತ ಬರೆಯುತ್ತಾರೆ. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡೇ ಈ ಕಟ್ಟಿಗೆ ಆಗಿದೆ ಅನ್ನೋದು ಮಾತ್ರ ಅವರ ತಲೆಗೆ ಬಂದಿಲ್ಲ. ಹಾಗಾದರೆ ನಾವು ಕಲಿಸಿದ್ದು ಏನು?

ಹಳೇ ವಿದ್ಯಾರ್ಥಿಗಳು, ಕೆಲಸದಲ್ಲಿ ಇರುವವರು, ಪೋಷಕರು, ಎಲ್ಲರೂ ಹೇಳಿ. ನಿಮ್ಮ ಪ್ರಕಾರ ಬಿ.ಎಸ್ಸಿ. ಮುಗಿಸಿದವರಿಗೆ ಏನು ಬರಲೇಬೇಕು?

ಮಾಲೂರು ಕ್ಯೂಸಿ

ಮೇಡಂ, ನಾನು ಔಷಧಿ ಕಂಪನಿಯ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಇದ್ದೇನೆ. ಹೊಸಬರ ಇಂಟರ್‌ವ್ಯೂ ಮಾಡುವುದೂ ನನ್ನ ಕೆಲಸ. ಒಂದೇ ಒಂದು ಲೆಕ್ಕ ಕೊಡುತ್ತೇನೆ. ನೀರಿನ ಸ್ಯಾಂಪಲ್ ಅನ್ನು ಹತ್ತು ಸಾವಿರ ಪಟ್ಟು ತೆಳು ಮಾಡಿದ್ದೀರಿ. ಅದರಲ್ಲಿ 0.1 ಮಿ.ಲೀ. ತೆಗೆದು ಪ್ಲೇಟ್ ಮೇಲೆ ಹರಡಿದ್ದೀರಿ. 52 ಕಾಲೊನಿ (ಒಂದೊಂದು ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆ) ಬಂದವು. ಮೂಲ ನೀರಿನ ಒಂದು ಮಿ.ಲೀ.ಯಲ್ಲಿ ಎಷ್ಟು ಬ್ಯಾಕ್ಟೀರಿಯಾ ಇದ್ದವು?

ಶೇಕಡಾ 80 ಅಂಕ ತಂದವರೂ ಪೆನ್ನು ಕೆಳಗೆ ಇಡುತ್ತಾರೆ. ಹೀಗೆ ಹಂತ ಹಂತವಾಗಿ ತೆಳು ಮಾಡುವ ಸೀರಿಯಲ್ ಡೈಲ್ಯೂಷನ್ ಬಗ್ಗೆ ಟಿಪ್ಪಣಿ ಬರಿ ಅಂದರೆ ಎರಡು ಪುಟ ಬರೆಯುತ್ತಾರೆ. ನಿಮ್ಮ ಪಟ್ಟಿಯಲ್ಲಿ ಮೊದಲು ಲೆಕ್ಕ ಇರಲಿ.

ಸೆಮ್ ಐದು

ಅಣ್ಣ, ಅದು 52 ಲಕ್ಷ ಅಲ್ವಾ?

ಮಾಲೂರು ಕ್ಯೂಸಿ

ಹೌದು. ಹೇಗೆ ಬಂತು ಅಂತಾನೂ ಬರಿ. ಉತ್ತರಕ್ಕಿಂತ ನನಗೆ ಅದು ಮುಖ್ಯ.

ಸೆಮ್ ಐದು

0.1ಕ್ಕೆ 52 ಅಂದರೆ 1 ಮಿ.ಲೀ.ಗೆ 520. ಹತ್ತು ಸಾವಿರ ಪಟ್ಟು ತೆಳು ಮಾಡಿದ್ದರಿಂದ ಅದಕ್ಕೆ ಹತ್ತು ಸಾವಿರ ಗುಣಿಸಿದೆ. 52,00,000. ನಾನು ತುಮಕೂರಿನಲ್ಲಿ ಓದುತ್ತಿದ್ದೇನೆ. ನಮಗೆ ಈ ಪ್ರಾಕ್ಟಿಕಲ್ ಬೋರ್ಡ್ ಮೇಲೆ ಆಯಿತು. ಪ್ಲೇಟ್ ನೋಡಿಲ್ಲ.

ಮಾಲೂರು ಕ್ಯೂಸಿ

ಶಭಾಷ್. ಈಗ ಮುಂದಿನದು. ಪ್ಲೇಟ್ ಮೇಲೆ 52ರ ಬದಲು 4 ಕಾಲೊನಿ ಬಂದಿದ್ದರೆ ಆ ಲೆಕ್ಕವನ್ನು ನಂಬುತ್ತೀಯಾ? ಸಾಮಾನ್ಯವಾಗಿ 30ರಿಂದ 300ರ ಒಳಗಿನ ಪ್ಲೇಟ್ ಮಾತ್ರ ಎಣಿಸುವುದು ಯಾಕೆ ಅಂತ ಯೋಚನೆ ಮಾಡು.

ತಿಪಟೂರು ಮೇಷ್ಟ್ರು

ನಾನು ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ. ಮೇಡಂ ಕೇಳಿದ ಮರದ ಪ್ರಶ್ನೆ ಬಹಳ ಹಳೆಯದು. ವಾನ್ ಹೆಲ್ಮಾಂಟ್ ಅನ್ನುವವನು ಕುಂಡದಲ್ಲಿ ವಿಲ್ಲೋ ಗಿಡ ನೆಟ್ಟು 5 ವರ್ಷ ಬರೀ ನೀರು ಹಾಕಿದ. ಗಿಡದ ತೂಕ ಸುಮಾರು 164 ಪೌಂಡ್ ಹೆಚ್ಚಿತು. ಮಣ್ಣು ಕಡಿಮೆಯಾಗಿದ್ದು ಸುಮಾರು 2 ಔನ್ಸ್. ಅವನ ಬರಹ ಅಚ್ಚಾಗಿದ್ದು 1648ರಲ್ಲಿ. ಮಣ್ಣಲ್ಲ ಅನ್ನೋದು ಅವತ್ತೇ ಗೊತ್ತಾಗಿತ್ತು. ಎಲ್ಲಾ ನೀರಿನಿಂದಲೇ ಬಂತು ಅಂದುಕೊಂಡ, ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇದನ್ನು ಕತೆಯಾಗಿ ಹೇಳಿ, ಅವನ ತೀರ್ಮಾನದಲ್ಲಿ ತಪ್ಪು ಎಲ್ಲಿದೆ ಅಂತ ಮಕ್ಕಳನ್ನೇ ಹುಡುಕಲು ಬಿಡಿ. ದ್ಯುತಿಸಂಶ್ಲೇಷಣೆಯ ಪಾಠ ಅಲ್ಲಿಂದ ಶುರುವಾದರೆ ಮರೆಯುವುದಿಲ್ಲ.

ನನ್ನ ಪಟ್ಟಿಯಲ್ಲಿ ಮೊದಲನೆಯದು ಕೈಕೆಲಸ. ನಮ್ಮ ಕಾಲದಲ್ಲಿ ಜಿರಳೆಯ ನರಮಂಡಲವನ್ನು ಹರಿಯದ ಹಾಗೆ ಬಿಡಿಸಿ ತೋರಿಸದಿದ್ದರೆ ಪಾಸ್ ಇರಲಿಲ್ಲ. ಆ ತಾಳ್ಮೆ ಈಗ ಎಲ್ಲಿ ಬರಬೇಕು?

ಅಂತರಗಂಗೆ

ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ. ಆ ತಾಳ್ಮೆಗೆ ಎಷ್ಟು ಕಪ್ಪೆ ಸತ್ತವು? ಯುಜಿಸಿ 2014ರಲ್ಲಿ ಡಿಸೆಕ್ಷನ್ ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಹಳ್ಳಿಗಳಲ್ಲಿ ಕಪ್ಪೆ ಹಿಡಿದು ಕಾಲೇಜಿಗೆ ಮಾರುವವರೇ ಇದ್ದರು.

ತಿಪಟೂರು ಮೇಷ್ಟ್ರು

ಕಪ್ಪೆ ಕೊಯ್ಯಿ ಅಂತ ನಾನು ಹೇಳುತ್ತಿಲ್ಲಪ್ಪ. ಕೊಯ್ಯುವುದು ಹೋದ ಮೇಲೆ ಆ ಜಾಗಕ್ಕೆ ಏನು ಬಂತು? ಗೋಡೆಗೆ ಚಾರ್ಟ್ ಬಂತು. ಕಣ್ಣು, ಕೈ ಎರಡೂ ಕೂಡಿ ಮಾಡುವ ಕೆಲಸ ಬರಬೇಕಿತ್ತು. ಹೂ ಬಿಡಿಸಲಿ. ರಸ್ತೆ ಪಕ್ಕ ತಂಗಡಿ ಹೂ ಬೇಕಾದಷ್ಟು ಸಿಗುತ್ತದೆ. ಕೇಸರಗಳೆಲ್ಲ ಒಂದೇ ಅಳತೆ ಇಲ್ಲ, ಯಾಕೆ? ಅಂಡಾಶಯ ಅಡ್ಡ ಕೊಯ್ದರೆ ಒಳಗೆ ಏನಿದೆ? ಅಷ್ಟಾದರೂ ತಮ್ಮ ಕೈಯಿಂದ ಮಾಡಲಿ.

ಚಿಂತಾಮಣಿ ಮೇಡಂ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ ಸರ್. ಕೋಶ ವಿಭಜನೆ ನೋಡುವ ಈರುಳ್ಳಿ ಬೇರಿನ ಪ್ರಾಕ್ಟಿಕಲ್ ನಮ್ಮಲ್ಲಿ ಪ್ರತಿಯೊಬ್ಬರೂ ಸ್ವಂತವಾಗಿ ಮಾಡಬೇಕು ಅಂತ ಇಟ್ಟಿದ್ದೇನೆ. ಸಿದ್ಧ ಸ್ಲೈಡ್ ತೋರಿಸುವುದಿಲ್ಲ. ಬೇರಿನ ತುದಿ ಬೆಳಿಗ್ಗೆ ಕತ್ತರಿಸಬೇಕು, ಆಮ್ಲದಲ್ಲಿ ಬೆಚ್ಚಗೆ ಮಾಡಿ ಮೆತ್ತಗಾಗಿಸಬೇಕು, ಅಸಿಟೋಕಾರ್ಮಿನ್ ಬಣ್ಣ ಹಾಕಬೇಕು, ಕವರ್‌ಸ್ಲಿಪ್ ಮೇಲೆ ಬ್ಲಾಟಿಂಗ್ ಕಾಗದ ಇಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಜೋರಾಗಿ ಒತ್ತಿದರೆ ಗಾಜು ಒಡೆಯುತ್ತದೆ. ಮೆಲ್ಲಗೆ ಒತ್ತಿದರೆ ಕೋಶಗಳು ಒಂದರ ಮೇಲೊಂದು ಕೂತು ಏನೂ ಕಾಣುವುದಿಲ್ಲ. ತುದಿಯ ಬದಲು ಮೇಲಿನ ಭಾಗ ಕತ್ತರಿಸಿದವರಿಗೆ ಬರೀ ಉದ್ದುದ್ದ ಕೋಶ ಕಾಣುತ್ತವೆ, ಒಂದೂ ವಿಭಜನೆ ಆಗುತ್ತಿರುವುದಿಲ್ಲ. ಬೇರು ಬೆಳೆಯುವುದು ತುದಿಯಲ್ಲಿ ಅನ್ನೋದು ಅವರಿಗೆ ಅಲ್ಲೇ ಗೊತ್ತಾಗುತ್ತದೆ, ನಾನು ಹೇಳಬೇಕಾಗಿಲ್ಲ.

ಬಾಗೇಪಲ್ಲಿ ಅಪ್ಪ

ನಾನು ಓದಿದವನಲ್ಲ. ಮಗಳು ನೀಟ್ ಬರೆದಳು, ಸೀಟು ಸಿಗಲಿಲ್ಲ. ಈಗ ಬಿ.ಎಸ್ಸಿ. ಸೇರಿದ್ದಾಳೆ. ನೀವೆಲ್ಲ ಹೂ, ಕಪ್ಪೆ, ಈರುಳ್ಳಿ ಅಂತಿದ್ದೀರಿ. ಮೂರು ವರ್ಷ ಆದ ಮೇಲೆ ಅವಳಿಗೆ ಕೆಲಸ ಸಿಗುತ್ತದಾ? ಅದನ್ನು ಯಾರಾದರೂ ನೇರವಾಗಿ ಹೇಳಿ.

ಮಾಲೂರು ಕ್ಯೂಸಿ

ಅಣ್ಣ, ಸಿಗುತ್ತದೆ, ಆದರೆ ಡಿಗ್ರಿ ಕಾಗದ ನೋಡಿ ಯಾರೂ ಕೊಡುವುದಿಲ್ಲ. ಮಾಲೂರು, ವೇಮಗಲ್, ನರಸಾಪುರ, ಆ ಕಡೆ ತುಮಕೂರಿನ ವಸಂತನರಸಾಪುರ, ಎಲ್ಲಾ ಕಡೆ ಕಾರ್ಖಾನೆ ಇವೆ. ಆಹಾರ, ಔಷಧಿ ತಯಾರಿಸುವ ಕಡೆ ಲ್ಯಾಬ್ ಇದ್ದೇ ಇರುತ್ತದೆ. ಮಗಳಿಗೆ ಮೈಕ್ರೋಸ್ಕೋಪ್ ಸರಿಯಾಗಿ ಹಿಡಿಯಲು, ಸ್ಟೆರೈಲ್ ಆಗಿ ಕೆಲಸ ಮಾಡಲು, ಮಾಡಿದ್ದನ್ನು ಮಾಡಿದ ಹೊತ್ತಿಗೇ ಪುಸ್ತಕದಲ್ಲಿ ಬರೆಯಲು ಬಂದರೆ ಸಾಕು, ಉಳಿದದ್ದು ನಾವು ಕಲಿಸುತ್ತೇವೆ. ಒಂದು ಎಚ್ಚರಿಕೆ ಅಷ್ಟೇ. ಆಸ್ಪತ್ರೆ ಲ್ಯಾಬ್ ಕೆಲಸ ಬೇಕಿದ್ದರೆ ಅದಕ್ಕೆ ಮೆಡಿಕಲ್ ಲ್ಯಾಬ್ ಕೋರ್ಸ್ ಬೇರೆಯೇ ಇದೆ. ಸಿ.ಬಿ.ಝಡ್. (ಕೆಮಿಸ್ಟ್ರಿ, ಬಾಟನಿ, ಜುವಾಲಜಿ) ಮಾಡಿದವರು ಅಲ್ಲಿಗೆ ಹೋಗಿ ಬೇಸರ ಪಟ್ಟುಕೊಳ್ಳುತ್ತಾರೆ.

ಅಂತರಗಂಗೆ

ಬಿ.ಎಡ್. ಮಾಡಿ ಹೈಸ್ಕೂಲಿಗೆ ಹೋಗುವವರೂ ಇದ್ದಾರೆ. ನಮ್ಮ ಕಡೆ ಹೆಚ್ಚು ಹುಡುಗಿಯರು ಅದೇ ದಾರಿ ಹಿಡಿಯುತ್ತಾರೆ. ಹಾಗಾಗಿ ಮರ ಮಣ್ಣಿಂದ ಬಂತು ಅಂತ ಹೇಳುವವರು ನಾಳೆ ಇನ್ನೂ ನಲವತ್ತು ಮಕ್ಕಳಿಗೆ ಅದನ್ನೇ ಹೇಳುತ್ತಾರೆ.

ಶಿಡ್ಲಘಟ್ಟ ಗೂಡು

ಬಿ.ಎಸ್ಸಿ. ಮಾಡಿ ಮನೆಯಲ್ಲೇ ರೇಷ್ಮೆ ಹುಳು ಸಾಕುತ್ತಿರುವವನು ನಾನು. ಕೆಲಸ ಅಂದರೆ ಕಂಪನಿ ಮಾತ್ರ ಅಂತ ಯಾಕೆ ಮಾತಾಡುತ್ತೀರಿ? ಶಿಡ್ಲಘಟ್ಟದ ಗೂಡು ಮಾರುಕಟ್ಟೆಗೆ ಬೆಳಿಗ್ಗೆ ಬಂದು ನೋಡಿ. ಅಲ್ಲಿ ಇರುವ ಒಬ್ಬೊಬ್ಬ ರೈತನೂ ದಿನವೂ ಜೀವಶಾಸ್ತ್ರದ ಜೊತೆ ಹೆಣಗುತ್ತಿರುತ್ತಾನೆ.

ಕಾಲೇಜಿನಲ್ಲಿ ನನಗೆ ಮೆಂಡೆಲ್ ಬಟಾಣಿ ಬಿಟ್ಟು ಬೇರೆ ಉದಾಹರಣೆ ಕೊಡಲಿಲ್ಲ. ಮನೆಯಲ್ಲಿ ನಾವು ತರುವ ಮೊಟ್ಟೆ ಮೈಸೂರು ತಳಿಯ ಹೆಣ್ಣು, ಸಿ.ಎಸ್.ಆರ್.2 ಗಂಡು ಸೇರಿಸಿ ಮಾಡಿದ್ದು. "ಗೂಡು ಚೆನ್ನಾಗಿ ಬಂದಿದೆಯಲ್ಲ, ಇದರಿಂದಲೇ ಚಿಟ್ಟೆ ಬಿಡಿಸಿ ಮೊಟ್ಟೆ ಇಡಿಸಿದರೆ ಆಗಲ್ವಾ, ಪ್ರತಿ ಬೆಳೆಗೂ ದುಡ್ಡು ಕೊಟ್ಟು ಯಾಕೆ ತರಬೇಕು?" ಅಂತ ಅಪ್ಪ ಕೇಳಿದರು. ಎಫ್1, ಎಫ್2 ಅಂತ ಪರೀಕ್ಷೆಯಲ್ಲಿ ಚೌಕ ಬರೆದಿದ್ದು ನೆನಪಾಯಿತು. ಮೊದಲನೇ ಪೀಳಿಗೆಯಲ್ಲಿ ಎಲ್ಲವೂ ಒಂದೇ ಸಮ, ಹುರುಪೂ ಜಾಸ್ತಿ. ಅವನ್ನೇ ಕೂಡಿಸಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರಿಹೋಗುತ್ತವೆ. ಒಂದು ಹುಳು ಬೇಗ ಹಣ್ಣಾದರೆ ಇನ್ನೊಂದು ತಡ. ಒಂದು ಗೂಡು ಗಟ್ಟಿ, ಇನ್ನೊಂದು ತೆಳು. ನೂಲು ತೆಗೆಯುವ ರೀಲರ್ ತೆಗೆದುಕೊಳ್ಳುವುದಿಲ್ಲ. ಅಪ್ಪನಿಗೆ ಇದನ್ನು ಹೇಳಿದ ಮೇಲೆ ನನಗೂ ಪೂರ್ತಿ ಅರ್ಥವಾಯಿತು.

ನನ್ನ ಪಟ್ಟಿಯಲ್ಲಿ ಒಂದೇ ಇರುವುದು. ಓದಿದ್ದನ್ನು ಮನೆಯವರಿಗೆ, ಊರಿನವರಿಗೆ ಕನ್ನಡದಲ್ಲಿ ಸರಿಯಾಗಿ ಹೇಳಲು ಬರಬೇಕು.

ಸೆಮ್ ಐದು

ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಪಿಯುಸಿವರೆಗೆ ನಾನು ಕನ್ನಡ ಮಾಧ್ಯಮ. ಇಲ್ಲಿ ಬಂದು ಇಂಗ್ಲಿಷ್ ನೋಟ್ಸ್ ಬಾಯಿಪಾಠ ಮಾಡುತ್ತಿದ್ದೇನೆ. ವೈವಾದಲ್ಲಿ ಕನ್ನಡದಲ್ಲಿ ಹೇಳಲಾ ಸರ್ ಅಂತ ಕೇಳಿದರೆ ಕೆಲವರು ಬಿಡುತ್ತಾರೆ, ಕೆಲವರು ಇಲ್ಲ.

ಬೆಂಗಳೂರು ಲ್ಯಾಬ್

ಕೋಲಾರದವಳು, ಈಗ ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಮೇಡಂಗೆ ಉಪಯೋಗ ಆಗಬಹುದು ಅಂತ ಒಂದು ಮಾತು.

ಇದೇ ಪ್ರಶ್ನೆಯನ್ನು ಅಮೆರಿಕದ ಎ.ಎ.ಎ.ಎಸ್. ಅನ್ನುವ ವಿಜ್ಞಾನ ಸಂಘಟನೆ ಎತ್ತಿಕೊಂಡು 2011ರಲ್ಲಿ 'ವಿಷನ್ ಅಂಡ್ ಚೇಂಜ್' ಅಂತ ಒಂದು ವರದಿ ಕೊಟ್ಟಿತು. ಜೀವಶಾಸ್ತ್ರದ ಪದವಿಗೆ ಐದೇ ದೊಡ್ಡ ವಿಚಾರ ಸಾಕು ಅನ್ನುತ್ತದೆ ಅದು. ವಿಕಾಸ. ರಚನೆಗೂ ಕೆಲಸಕ್ಕೂ ಇರುವ ಸಂಬಂಧ. ಮಾಹಿತಿಯ ಹರಿವು, ಅಂದರೆ ಡಿಎನ್‌ಎಯಿಂದ ಹಿಡಿದು ಹಾರ್ಮೋನ್‌ವರೆಗೆ. ಶಕ್ತಿ ಮತ್ತು ವಸ್ತು ಹೇಗೆ ರೂಪ ಬದಲಿಸುತ್ತವೆ. ಮತ್ತೆ ವ್ಯವಸ್ಥೆ, ಒಂದಕ್ಕೊಂದು ಹೆಣೆದುಕೊಂಡಿರುವುದು. ಇದರ ಜೊತೆಗೆ ಕೌಶಲಗಳೂ ಇವೆ. ಪ್ರಯೋಗ ಹೂಡುವುದು, ಲೆಕ್ಕ, ಮಾದರಿ ಕಟ್ಟುವುದು, ಬೇರೆ ವಿಷಯದವರ ಜೊತೆ ಕೆಲಸ ಮಾಡುವುದು, ಹೇಳಿಕೊಡುವುದು, ಸಮಾಜದ ಪ್ರಶ್ನೆಗೆ ವಿಜ್ಞಾನ ತರುವುದು.

ಅಮೆರಿಕದ ವರದಿ ನಮಗೆ ಯಾಕೆ ಅನ್ನಬೇಡಿ. ಶಿಡ್ಲಘಟ್ಟ ಗೂಡು ಅಣ್ಣನ ತಟ್ಟೆಯಲ್ಲಿರುವ ಒಂದು ಹುಳು ಇಟ್ಟುಕೊಂಡು ಐದನ್ನೂ ಕಲಿಸಬಹುದು. ಕಾಡಿನ ಬಾಂಬಿಕ್ಸ್ ಮಂಡಾರಿನಾ ಹಾರುತ್ತದೆ. ಸಾವಿರಾರು ವರ್ಷ ಮನುಷ್ಯ ಆರಿಸಿ ಸಾಕಿದ ಬಾಂಬಿಕ್ಸ್ ಮೋರಿ ಹಾರಲಾರದು. ಅದು ವಿಕಾಸ. ರೇಷ್ಮೆ ಗ್ರಂಥಿಯ ಆಕಾರ, ಒಳಗಿನ ಫೈಬ್ರಾಯಿನ್ ಪ್ರೋಟೀನು, ಎಳೆಯ ಗಟ್ಟಿತನ, ಇದು ರಚನೆ ಮತ್ತು ಕೆಲಸ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದಲ್ಲ (ಪೊರೆ ಬಿಡುವುದು), ಆಮೇಲೆ ಗೂಡು ಕಟ್ಟುತ್ತದೆ. ಮತ್ತೆ ಹುಳುವಾಗೇ ಇರಬೇಕೋ ಕೋಶ (ಪ್ಯೂಪಾ) ಆಗಬೇಕೋ ಅನ್ನುವುದನ್ನು ತೀರ್ಮಾನಿಸುವುದು ಎಕ್ಡೈಸೋನ್ ಮತ್ತು ಜುವೆನೈಲ್ ಹಾರ್ಮೋನ್. ಇದು ಮಾಹಿತಿಯ ಹರಿವು. ಎಕ್ಡೈಸೋನನ್ನು ಮೊದಲು ಬೇರ್ಪಡಿಸಿದ್ದೇ ರೇಷ್ಮೆ ಹುಳುವಿನ ಕೋಶದಿಂದ, 1954ರಲ್ಲಿ, ಬ್ಯುಟೆನಾಂಟ್ ಮತ್ತು ಕಾರ್ಲ್‌ಸನ್ ಸೇರಿ. ಅದಕ್ಕೆ ಸುಮಾರು 500 ಕೆ.ಜಿ. ಕೋಶ ಬೇಕಾಯಿತು. ಹಿಪ್ಪುನೇರಳೆ ಸೊಪ್ಪು ತಿಂದು ಹುಳು ಸುಮಾರು ಹತ್ತು ಸಾವಿರ ಪಟ್ಟು ತೂಕ ಆಗುತ್ತದೆ. ಅದು ಶಕ್ತಿ ಮತ್ತು ವಸ್ತು. ಸೊಪ್ಪು, ಹುಳು, ಊಜಿ ನೊಣ, ರೋಗಾಣು, ರೈತ, ಹವಾಮಾನ ಎಲ್ಲ ಸೇರಿದರೆ ವ್ಯವಸ್ಥೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಕಾಲೇಜಿನಲ್ಲಿ ಓದಿದವರಿಗೆ ಈ ಒಂದು ಹುಳು ಪೂರ್ತಿ ಅರ್ಥವಾಗಿದ್ದರೆ ಆ ಪದವಿ ಗಟ್ಟಿ ಅಂತ ನಾನು ಹೇಳುತ್ತೇನೆ.

ಶಿಡ್ಲಘಟ್ಟ ಗೂಡು

ಅಕ್ಕ, ಜ್ವರದ ಹಿಂದೆ ಇಷ್ಟೆಲ್ಲ ಇದೆ ಅಂತ ಮೂರು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಎಕ್ಡೈಸೋನ್ ಓದಿದ್ದೆ. ಅದು ನಮ್ಮನೆ ತಟ್ಟೆಯಲ್ಲೇ ಇದೆ ಅಂತ ಗೊತ್ತಿರಲಿಲ್ಲ.

ಊಜಿ ಬಗ್ಗೆ ಒಂದು ಸೇರಿಸುತ್ತೇನೆ. ಅದು ಮೊದಲು ನಮ್ಮ ರಾಜ್ಯದಲ್ಲಿ ಇರಲಿಲ್ಲ. 1980ರಲ್ಲಿ ಬಂತು. ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಕೊರೆದು ಹೋದ ಜಾಗದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಗೂಡು ಕಟ್ಟಿದ ಮೇಲೆ ತೂತು ಮಾಡಿಕೊಂಡು ಹೊರಗೆ ಬಂದರೆ ಎಳೆ ತುಂಡಾಗಿ ಗೂಡು ನೂಲಿಗೆ ಬರುವುದಿಲ್ಲ. ಈಗ ಅದರ ಮೇಲೆ ಬಿಡಲು ನೆಸೋಲಿಂಕ್ಸ್ ಅನ್ನುವ ಸಣ್ಣ ಕಣಜದಂಥ ಕೀಟ ಕೊಡುತ್ತಾರೆ. ಅದು ಊಜಿಯ ಕೋಶದೊಳಗೇ ಮೊಟ್ಟೆ ಇಡುತ್ತದೆ.

ತಿಪಟೂರು ಮೇಷ್ಟ್ರು

ರೇಷ್ಮೆ ಹುಳುವಿನ ಗಂಟು ರೋಗ (ಪೆಬ್ರಿನ್) ಬಿಟ್ಟಿರಲ್ಲ! 1865ರಿಂದ ಕೆಲವು ವರ್ಷ ಲೂಯಿ ಪಾಶ್ಚರ್ ಫ್ರಾನ್ಸಿನಲ್ಲಿ ಇದರ ಬೆನ್ನು ಹತ್ತಿದ್ದ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪ್‌ನಲ್ಲಿ ನೋಡು, ರೋಗಾಣು ಕಂಡರೆ ಆ ಮೊಟ್ಟೆ ನಾಶ ಮಾಡು ಅಂದ. ಇವತ್ತಿಗೂ ಬಿತ್ತನೆ ಮೊಟ್ಟೆ ಕೇಂದ್ರಗಳಲ್ಲಿ ಅದೇ ವಿಧಾನ. ಮೈಕ್ರೋಸ್ಕೋಪ್ ನೋಡಲು ಬಂದರೆ ಏನು ಪ್ರಯೋಜನ ಅಂತ ಕೇಳುವವರಿಗೆ ಇದನ್ನು ತೋರಿಸಿ.

ವಡ್ಡಹಳ್ಳಿ ಟೊಮೆಟೊ

ರೇಷ್ಮೆ ಆಯಿತು, ಟೊಮೆಟೊ ಕಡೆಗೂ ಬನ್ನಿ. ಮುಳಬಾಗಿಲು ತಾಲ್ಲೂಕು ನಮ್ಮದು. ಎಲೆ ಮುದುಡು ರೋಗ ಬಂದ ಗಿಡ ಹಿಡಿದುಕೊಂಡು ಅಂಗಡಿಗೆ ಹೋದರೆ ಬೂಷ್ಟಿನ ಔಷಧಿ ಕೊಟ್ಟು ಕಳಿಸುತ್ತಾರೆ. ಆ ರೋಗ ವೈರಸ್‌ನಿಂದ. ಹರಡುವುದು ಬಿಳಿ ನೊಣ. ಬೂಷ್ಟಿಗೆ ಹೊಡೆಯುವ ಔಷಧಿ ವೈರಸ್‌ಗೆ ಏನು ಮಾಡುತ್ತದೆ? ಏನೂ ಇಲ್ಲ. ಅಂಗಡಿಯಲ್ಲಿ ಕೂತಿದ್ದವನು ಬಿ.ಎಸ್ಸಿ. ಓದಿದವನೇ. ಮೂರು ವರ್ಷದಲ್ಲಿ ವೈರಸ್, ಬ್ಯಾಕ್ಟೀರಿಯಾ, ಬೂಷ್ಟು ಬೇರೆ ಬೇರೆ ಅನ್ನೋದು ಮನಸ್ಸಿನಲ್ಲಿ ನಿಲ್ಲದಿದ್ದರೆ ಹೇಗೆ?

ಇನ್ನೊಂದು. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಬಿಳಿ ನೊಣ ಸಾಯುವುದೇ ಇಲ್ಲ. "ನೊಣಕ್ಕೆ ಅಭ್ಯಾಸ ಆಗಿದೆ" ಅನ್ನುತ್ತಾರೆ ರೈತರು.

ಬೆಂಗಳೂರು ಲ್ಯಾಬ್

ಅಭ್ಯಾಸ ಆಗುವುದಲ್ಲ ಸರ್. ಗುಂಪಿನಲ್ಲಿ ಮೊದಲೇ ಒಂದೆರಡು ನೊಣಕ್ಕೆ ತಡೆಯುವ ಗುಣ ಇರುತ್ತದೆ. ಔಷಧಿ ಉಳಿದವನ್ನು ಕೊಲ್ಲುತ್ತದೆ, ತಡೆದುಕೊಂಡವು ಮರಿ ಮಾಡುತ್ತವೆ. ಕೆಲವು ಪೀಳಿಗೆಯಲ್ಲಿ ತೋಟದ ತುಂಬಾ ಅವೇ. ಇದೇ ನೈಸರ್ಗಿಕ ಆಯ್ಕೆ. ಆ್ಯಂಟಿಬಯಾಟಿಕ್ ಕೆಲಸ ಮಾಡದಿರುವುದೂ ಹೀಗೇ. ವಿಕಾಸವನ್ನು ಕೊನೆ ಸೆಮಿಸ್ಟರ್‌ನ ಕೊನೆ ಯೂನಿಟ್‌ನಲ್ಲಿ ಓಡಿಸುವುದನ್ನು ಬಿಟ್ಟು ಮೊದಲ ದಿನದಿಂದಲೇ ಹೇಳಿ ಅಂತ ನಾನು ಬೇಡಿಕೊಳ್ಳುವುದು ಇದಕ್ಕೇ. ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಿಂದ ವಿಕಾಸದ ಭಾಗ ತೆಗೆದ ಮೇಲೆ ಪದವಿಯಲ್ಲಿ ಈ ಹೊಣೆ ಇನ್ನೂ ಜಾಸ್ತಿಯಾಗಿದೆ.

ಅಂತರಗಂಗೆ

ಈ ಒಂದು ಕಮೆಂಟ್ ಪ್ರಿಂಟ್ ತೆಗೆದು ಪ್ರತಿ ಔಷಧಿ ಅಂಗಡಿಗೂ ಅಂಟಿಸಬೇಕು.

ಕಗ್ಗಲಡು ಹಕ್ಕಿ

ಶಿರಾ ತಾಲ್ಲೂಕಿನವನು. ಯಾರೂ ಹೊರಗೆ ಹೋಗುವ ಮಾತೇ ಆಡಲಿಲ್ಲ. ನಮ್ಮೂರಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ, ಮನೆಗಳ ಮಧ್ಯದಲ್ಲೇ. ಊರಿನವರು ಕಲ್ಲು ಹೊಡೆಯಲು ಬಿಡುವುದಿಲ್ಲ. ಕಾಲೇಜಿನವರು ಬಸ್ಸಿನಲ್ಲಿ ಬರುತ್ತಾರೆ, ಫೋಟೊ ತೆಗೆಯುತ್ತಾರೆ, ಊಟ ಮಾಡಿ ಹೋಗುತ್ತಾರೆ. ಟೂರ್ ರಿಪೋರ್ಟ್ ಎಲ್ಲರದ್ದೂ ಒಂದೇ.

ಒಂದು ಮರ ಆರಿಸಿಕೊಂಡು ಗೂಡು ಎಣಿಸಲಿ. ಹೋದ ವರ್ಷದವರು ಎಣಿಸಿದ್ದಕ್ಕೂ ಈ ವರ್ಷಕ್ಕೂ ಹೋಲಿಸಲಿ. ಮರಿಗೆ ತರುವ ಮೀನು ಯಾವ ಕೆರೆಯದು ಅಂತ ಕೇಳಲಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗ ಇವೆ. ದೇವರಾಯನದುರ್ಗದ ಕಾಡು ತುಮಕೂರಿನ ಪಕ್ಕದಲ್ಲೇ ಇದೆ. ಪ್ರತಿ ಬ್ಯಾಚು ಹಿಂದಿನ ಬ್ಯಾಚಿನ ಲೆಕ್ಕದ ಮೇಲೆ ಕೆಲಸ ಮುಂದುವರಿಸಿದರೆ ಹತ್ತು ವರ್ಷದಲ್ಲಿ ಯಾರ ಹತ್ತಿರವೂ ಇಲ್ಲದ ಮಾಹಿತಿ ಆ ಕಾಲೇಜಿನಲ್ಲಿ ಇರುತ್ತದೆ.

ಚಿಂತಾಮಣಿ ಮೇಡಂ

ಹಿಂದಿನ ಬ್ಯಾಚಿನ ಲೆಕ್ಕದ ಮೇಲೆ ಮುಂದುವರಿಸುವುದು! ಇದನ್ನು ಖಂಡಿತ ಬರೆದುಕೊಳ್ಳುತ್ತೇನೆ. ರೆಕಾರ್ಡ್ ಬುಕ್ ಈಗ ಸಹಿ ಆದ ಮೇಲೆ ರದ್ದಿಗೆ ಹೋಗುತ್ತದೆ.

ಅತಿಥಿ ಉಪನ್ಯಾಸಕ, ಕೋಲಾರ

ಎಲ್ಲಾ ಚೆನ್ನಾಗಿದೆ. ಸ್ವಲ್ಪ ನೆಲದ ಮಾತೂ ಕೇಳಿ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಂತ ಪಠ್ಯ ಬದಲಾಯಿತು, ನಾಲ್ಕು ವರ್ಷದ ಆನರ್ಸ್ ಬಂತು. 2024ರಲ್ಲಿ ಮತ್ತೆ ಮೂರು ವರ್ಷ, ಮೂರು ಮೇಜರ್‌ಗೆ ವಾಪಸ್. ಒಂದು ಪಠ್ಯಕ್ಕೆ ನೋಟ್ಸ್ ಮಾಡಿಕೊಳ್ಳುವ ಹೊತ್ತಿಗೆ ಇನ್ನೊಂದು ಬಂದಿರುತ್ತದೆ. ಮೈಕ್ರೋಸ್ಕೋಪ್ ಕಡಿಮೆ, ಮಕ್ಕಳು ಜಾಸ್ತಿ. ಸಿಲಬಸ್ ಮುಗಿಸಿ ಅಂತ ಒತ್ತಡ. ನಮ್ಮ ಸಂಬಳ ಯಾವಾಗ ಬರುತ್ತದೆ ಅಂತ ನಮಗೇ ಗೊತ್ತಿರುವುದಿಲ್ಲ. ಇದರಲ್ಲಿ ಐದು ದೊಡ್ಡ ವಿಚಾರ, ಕೊಕ್ಕರೆ ಗೂಡು ಎಣಿಕೆ ಯಾರು ಮಾಡಿಸುತ್ತಾರೆ?

ಪ್ರಶ್ನೆಪತ್ರಿಕೆ ಬದಲಾಗದೆ ಗುರಿ ಬದಲಾಯಿಸಿದರೆ ಏನೂ ಆಗುವುದಿಲ್ಲ. "ಟಿಪ್ಪಣಿ ಬರೆಯಿರಿ" ಅಂತ ಕೇಳುವವರೆಗೆ ಮಕ್ಕಳು ಟಿಪ್ಪಣಿಯನ್ನೇ ಬಾಯಿಪಾಠ ಮಾಡುತ್ತಾರೆ. ದಂಡೆಯಲ್ಲಿ ಕೂತು ಈಜಿನ ಪುಸ್ತಕ ಓದಿದವನನ್ನು ಬಾವಿಗೆ ಇಳಿಸದೆಯೇ ಪಾಸ್ ಮಾಡಿದ ಹಾಗೆ ಇದು.

ಬೆಂಗಳೂರು ಲ್ಯಾಬ್

ನಿಮ್ಮ ಕಷ್ಟ ನಿಜ ಸರ್. ಇಂಟರ್ನಲ್ಸ್ ಅಂಕ ಮಾತ್ರ ನಿಮ್ಮ ಕೈಯಲ್ಲೇ ಇದೆ ಅಲ್ವಾ? ಅಲ್ಲಿಂದ ಶುರು ಮಾಡಬಹುದು. "ಬಿಳಿ ನೊಣದ ಜೀವನಚಕ್ರ ಬರೆಯಿರಿ" ಬದಲು "ಒಬ್ಬ ರೈತ ಒಂದೇ ಔಷಧಿ ಹೊಡೆಯುತ್ತಾನೆ, ಪಕ್ಕದವನು ಬದಲಾಯಿಸಿ ಹೊಡೆಯುತ್ತಾನೆ. ಎರಡು ವರ್ಷದ ಮೇಲೆ ಎರಡು ತೋಟದ ನೊಣಗಳಲ್ಲಿ ಏನು ವ್ಯತ್ಯಾಸ ಇರಬಹುದು, ಯಾಕೆ?" ಅಂತ ಕೇಳಿ. ಖರ್ಚಿಲ್ಲ, ಯಾರ ಅನುಮತಿಯೂ ಬೇಡ.

ಬ್ಲೂಮ್ ಅವರ ಕಲಿಕೆಯ ಹಂತಗಳು ಅಂತ ಫೈಲಿನಲ್ಲಿ ಬರೆಯುತ್ತೀರಲ್ಲ, 1956ರದ್ದು, 2001ರಲ್ಲಿ ತಿದ್ದಿದ್ದು. ನೆನಪಿಟ್ಟುಕೊಳ್ಳುವುದರಿಂದ ಬಳಸುವುದಕ್ಕೆ, ವಿಶ್ಲೇಷಿಸುವುದಕ್ಕೆ ಹತ್ತುವುದು ಅಂದರೆ ಇಷ್ಟೇ.

ಅತಿಥಿ ಉಪನ್ಯಾಸಕ, ಕೋಲಾರ

ಇಂಟರ್ನಲ್ಸ್‌ನಲ್ಲಿ ಇಂಥ ಪ್ರಶ್ನೆ ಕೇಳಿದರೆ ಮಕ್ಕಳೇ ಬಂದು "ಸರ್ ಇದು ನೋಟ್ಸ್‌ನಲ್ಲಿ ಇಲ್ಲ" ಅನ್ನುತ್ತಾರೆ. ಆದರೂ ಸರಿ, ಒಂದಾದರೂ ಇಡುತ್ತೇನೆ.

ಸೆಮ್ ಐದು

ಸರ್, ನಾವು ಹಾಗೆ ಹೇಳುವುದು ಅಂಕದ ಭಯಕ್ಕೆ. ತರಗತಿಯಲ್ಲಿ ಮೊದಲು ಅಂಥ ಎರಡು ಪ್ರಶ್ನೆ ಬಿಡಿಸಿ ತೋರಿಸಿದರೆ ಯಾರೂ ಗಲಾಟೆ ಮಾಡುವುದಿಲ್ಲ.

ಬಾಗೇಪಲ್ಲಿ ಅಪ್ಪ

ನಮ್ಮೂರಲ್ಲಿ ಬೋರ್‌ವೆಲ್ ನೀರು ಕುಡಿದು ಮಕ್ಕಳ ಹಲ್ಲು ಕಂದು ಆಗಿದೆ. ಫ್ಲೋರೈಡ್ ಅನ್ನುತ್ತಾರೆ. ಇದೂ ನಿಮ್ಮ ಪಾಠದಲ್ಲಿ ಬರುತ್ತದಾ?

ಚಿಂತಾಮಣಿ ಮೇಡಂ

ಬರಬೇಕು ಅಣ್ಣ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿ.ಗ್ರಾಂ. ಮೀರಬಾರದು ಅಂತ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಿತಿ ಇದೆ. ಹಲ್ಲು, ಮೂಳೆಯ ಖನಿಜದೊಳಗೆ ಫ್ಲೋರೈಡ್ ಸೇರಿಕೊಂಡು ಅದರ ಗುಣವನ್ನೇ ಬದಲಿಸುತ್ತದೆ. ನೀರು ಕುದಿಸಿದರೆ ಅದು ಹೋಗುವುದಿಲ್ಲ, ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಿಮ್ಮ ಮಗಳಿಗೆ ರಸಾಯನಶಾಸ್ತ್ರವೂ ಇದೆಯಲ್ಲ, ಎರಡು ವಿಭಾಗ ಸೇರಿ ಊರಿನ ನೀರು ಪರೀಕ್ಷೆ ಮಾಡುವ ಕೆಲಸ ಕೊಟ್ಟರೆ ಅದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಇಲ್ಲ. ಪಾವಗಡದ ಕಡೆಯೂ ಇದೇ ತೊಂದರೆ.

ವಡ್ಡಹಳ್ಳಿ ಟೊಮೆಟೊ

ನೀರು ಅಂದಮೇಲೆ ಕೆ.ಸಿ. ವ್ಯಾಲಿ ಯೋಜನೆ ಬಿಡಲು ಆಗುತ್ತದಾ? 2018ರಿಂದ ಬೆಂಗಳೂರಿನ ಕೊಳಚೆಯನ್ನು ಎರಡೇ ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಸಾರಜನಕ, ರಂಜಕದಂಥದ್ದನ್ನು ತೆಗೆಯುವ ಮೂರನೇ ಹಂತ ಯಾಕೆ ಇಲ್ಲ?

ಅಂತರಗಂಗೆ

ಅದೇ ನೀರಿನಿಂದ ನಮ್ಮ ಕಡೆ ಬತ್ತಿಹೋಗಿದ್ದ ಬೋರ್‌ವೆಲ್‌ಗೆ ನೀರು ಬಂತು. ಅದನ್ನೂ ಹೇಳಿ. ಕೆರೆ ಒಣಗಿ ಜಾಲಿ ಬೆಳೆದಿದ್ದನ್ನು ನೋಡಿದವರು ನಾವು.

ವಡ್ಡಹಳ್ಳಿ ಟೊಮೆಟೊ

ನೀರು ಬಂತು, ಯಾವ ನೀರು ಅನ್ನೋದೇ ಪ್ರಶ್ನೆ. ಮೂರನೇ ಹಂತ ಕೇಳಿದರೆ ನೀರು ಬೇಡ ಅಂದ ಹಾಗೆ ಅಲ್ಲ.

ಕಗ್ಗಲಡು ಹಕ್ಕಿ

ದಯವಿಟ್ಟು ಅದಕ್ಕೆ ಬೇರೆ ಥ್ರೆಡ್ ಮಾಡಿ, ಇಲ್ಲಿ ಮುಗಿಯುವುದಿಲ್ಲ.

ಬೆಂಗಳೂರು ಲ್ಯಾಬ್

ಬೇರೆ ಥ್ರೆಡ್ ಯಾಕೆ? ಪದವಿ ಮುಗಿಸಿದವರು ಇಂಥ ಜಗಳದ ಮಧ್ಯೆ ನಿಂತು "ಇದನ್ನು ಅಳೆಯೋಣ" ಅನ್ನಬೇಕು. ಸಾರಜನಕ, ರಂಜಕ ಜಾಸ್ತಿ ಇದ್ದರೆ ಪಾಚಿ, ಅಂತರಗಂಗೆ ಗಿಡ ಹಬ್ಬುತ್ತವೆ. (ಅಂತರಗಂಗೆಯವರೇ, ನಿಮ್ಮ ಹೆಸರಿನ ಬೆಟ್ಟವಲ್ಲ, ಕೆರೆಯಲ್ಲಿ ತೇಲುವ ಗಿಡ.) ನೀರಿನಲ್ಲಿ ಕರಗಿರುವ ಆಮ್ಲಜನಕ ಎಷ್ಟು, ಬಿಒಡಿ (ಕೊಳೆ ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ) ಎಷ್ಟು, ಕೆರೆಗೆ ನೀರು ಬರುವ ಕಡೆ ಎಷ್ಟು, ಹೋಗುವ ಕಡೆ ಎಷ್ಟು. ಕರಗಿದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನಕ್ಕೆ ದೊಡ್ಡ ಯಂತ್ರ ಬೇಡ, ಎಲ್ಲಾ ಕಾಲೇಜಿನ ರಸಾಯನ ವಿಭಾಗದಲ್ಲೂ ಮಾಡಬಹುದು. ಲೋಹದ ಅಂಶಕ್ಕೆ ಮಾತ್ರ ದೊಡ್ಡ ಲ್ಯಾಬ್ ಬೇಕು.

ಅತಿಥಿ ಉಪನ್ಯಾಸಕ, ಕೋಲಾರ

ಬಿಒಡಿ ಬಾಟಲಿ 5 ದಿನ 20 ಡಿಗ್ರಿಯಲ್ಲಿ ಇಡಬೇಕು. ನಮ್ಮಲ್ಲಿ ಕರೆಂಟ್ ಹೋದರೆ ಇನ್‌ಕ್ಯುಬೇಟರ್ ಆಫ್.

ಮಾಲೂರು ಕ್ಯೂಸಿ

ಸರ್, ನಮ್ಮ ದೇಶದ ಬಿಐಎಸ್ ವಿಧಾನದಲ್ಲಿ 3 ದಿನ 27 ಡಿಗ್ರಿ. ನಮ್ಮ ಹವೆಗೆ ಅದೇ ಸುಲಭ. ವರದಿಯಲ್ಲಿ ಯಾವ ವಿಧಾನ ಅಂತ ಬರೆಯಲೇಬೇಕು, ಇಲ್ಲದಿದ್ದರೆ ಇನ್ನೊಬ್ಬರ ಲೆಕ್ಕದ ಜೊತೆ ಹೋಲಿಸಲು ಬರುವುದಿಲ್ಲ.

ಚಿಂತಾಮಣಿ ಮೇಡಂ

ಇನ್ನೊಂದು ಸೇರಿಸಿ. ಸ್ಯಾಂಪಲ್ ತೆಗೆದ ಹೊತ್ತು ಬರೆಯಬೇಕು. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಅಳೆದರೆ ಆಮ್ಲಜನಕ ಜಾಸ್ತಿ ಸಿಗುತ್ತದೆ, ಬೆಳಗಿನ ಜಾವ ಅಳೆದರೆ ತೀರಾ ಕಡಿಮೆ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ಉಸಿರಾಟ ಮಾತ್ರ ಹಗಲೂ ರಾತ್ರಿ ನಡೆದೇ ಇರುತ್ತದೆ. ಗಿಡ ರಾತ್ರಿ ಮಾತ್ರ ಉಸಿರಾಡುತ್ತದೆ ಅಂತ ನಂಬಿರುವ ಮಕ್ಕಳಿಗೆ ಈ ಎರಡು ಬಾಟಲಿ ಸಾಕು.

ನಮ್ಮ ವಿಭಾಗದ ಮೊದಲ ಸಾಲನ್ನು ಹೀಗೆ ಬರೆಯಬೇಕು ಅಂದುಕೊಂಡಿದ್ದೇನೆ: "ತಾನು ಮೊದಲು ನೋಡಿರದ ಒಂದು ಗಿಡ, ಹುಳು, ರೋಗ ಅಥವಾ ಕೆರೆಯ ಮುಂದೆ ನಿಂತಾಗ ಸರಿಯಾದ ಪ್ರಶ್ನೆ ಕೇಳಿ, ಅಳೆದು, ಲೆಕ್ಕ ಹಾಕಿ, ಕಂಡದ್ದನ್ನು ಊರಿನವರಿಗೆ ಕನ್ನಡದಲ್ಲಿ ವಿವರಿಸುವರು." ಉದ್ದ ಆಯಿತಾ?

ತಿಪಟೂರು ಮೇಷ್ಟ್ರು

ಉದ್ದ ಇದ್ದರೂ ಪರವಾಗಿಲ್ಲಮ್ಮ. "ತನ್ನ ಕೈಯಿಂದ ಅಳೆದು" ಅಂತ ಮಾಡಿ.

ಬೆಂಗಳೂರು ಲ್ಯಾಬ್

"ತನಗೆ ಎಷ್ಟು ಖಚಿತ ಅಂತಲೂ ಹೇಳುವರು" ಅಂತ ಸೇರಿಸಿ ಮೇಡಂ. ಒಂದೇ ಬಾಟಲಿ ಅಳೆದು ಕೆರೆ ಹಾಳು ಅನ್ನಬಾರದು, ಒಂದೇ ಬಾಟಲಿ ಅಳೆದು ಚೆನ್ನಾಗಿದೆ ಅಂತಲೂ ಅನ್ನಬಾರದು.

ಸೆಮ್ ಐದು

ಮಾಲೂರು ಅಣ್ಣ, 4 ಕಾಲೊನಿ ಪ್ರಶ್ನೆಗೆ ಉತ್ತರ ಹೊಳೆಯಿತು. 4ರ ಜಾಗದಲ್ಲಿ ಆಕಸ್ಮಿಕವಾಗಿ ಇನ್ನೊಂದು ಬಿದ್ದರೂ ಲೆಕ್ಕ ಕಾಲು ಭಾಗ ಹೆಚ್ಚಾಗುತ್ತದೆ. 52ಕ್ಕೆ ಒಂದು ಹೆಚ್ಚಾದರೆ ಏನೂ ಆಗುವುದಿಲ್ಲ. 300 ದಾಟಿದರೆ ಒಂದರ ಮೇಲೊಂದು ಬೆಳೆದು ಎಣಿಸಲು ಆಗುವುದಿಲ್ಲ. ಸರಿನಾ?

ಇನ್ನೊಂದು ಪ್ರಶ್ನೆ ಇದೆ. ನಾವು ಕೆಲವರು ಸೇರಿ ತುಮಕೂರು ಅಮಾನಿಕೆರೆ ನೀರು ಅಳೆಯೋಣ ಅಂತಿದ್ದೇವೆ. ರಸಾಯನಶಾಸ್ತ್ರದ ಮೇಡಂ ಬಾಟಲಿ ಕೊಡುತ್ತೇನೆ ಅಂದಿದ್ದಾರೆ. ನೀರು ತುಂಬಿಕೊಂಡು ಕಾಲೇಜಿಗೆ ತಂದು ಅಲ್ಲಿ ರಾಸಾಯನಿಕ ಹಾಕಿದರೆ ಆಗುತ್ತದಾ?

ಮಾಲೂರು ಕ್ಯೂಸಿ

ಕಾಲೊನಿ ಉತ್ತರ ಸರಿ.

ಬಾಟಲಿ ವಿಷಯಕ್ಕೆ, ಆಗುವುದಿಲ್ಲ. ಕೆರೆ ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೊಡೈಡ್ ಹಾಕಿ ಮುಚ್ಚಬೇಕು. ತರುವ ದಾರಿಯಲ್ಲೇ ಸೂಕ್ಷ್ಮಜೀವಿಗಳು ಆಮ್ಲಜನಕ ಬಳಸಿಬಿಡುತ್ತವೆ. 300 ಮಿ.ಲೀ. ಬಾಟಲಿಯನ್ನು ನೀರಿನೊಳಗೆ ಓರೆ ಹಿಡಿದು ನಿಧಾನಕ್ಕೆ ತುಂಬಿಸಿ, ಒಂದು ಗುಳ್ಳೆಯೂ ಒಳಗೆ ಉಳಿಯಬಾರದು. ಮುಚ್ಚಿ ತಿರುಗಿಸಿದಾಗ ಕಂದು ಗಸಿ ಬಂದರೆ ಆಮ್ಲಜನಕ ಇದೆ, ಬೆಳ್ಳಗೇ ಉಳಿದರೆ ಇಲ್ಲ. ಪ್ರತಿ ಜಾಗದಲ್ಲೂ ಮೂರು ಬಾಟಲಿ ತೆಗೆಯಿರಿ, ಗ್ಲೌಸ್ ಹಾಕಿಕೊಳ್ಳಿ. ಅಂಕಿ ಬಂದ ಮೇಲೆ ಇಲ್ಲೇ ಹಾಕಿ, ನೋಡೋಣ.